ನೀರಿನ ಬಲದಿಂದಲೇ ನೀರಿನ ಸೋರಿಕೆ ತಡೆದ ಬಡಗಿ: ಜೋಸೆಫ್ ಬ್ರಾಮಾ

ಅಮೆರಿಕದ ಹೆದ್ದಾರಿಗಳ ಬದಿಯ ಶಿಬಿರ ತಾಣಗಳಿಗೆ ಸಂಜೆ ಹೊತ್ತು ಬಂದು ನಿಲ್ಲುವ ಕ್ಯಾರವಾನ್‌ಗಳಲ್ಲಿ ಒಂದು ವಿಶೇಷವಿದೆ. ರಸ್ತೆಯ ಮೇಲಿರುವಾಗ ಬಸ್ಸಿನಷ್ಟೇ ಅಗಲವಿರುವ ಈ ಚಲಿಸುವ ಮನೆಗಳು, ನಿಂತ ಬಳಿಕ ಒಂದು ಗುಂಡಿ ಒತ್ತಿದರೆ ಸಾಕು, ತಮ್ಮ ಪಕ್ಕದ ಗೋಡೆಯನ್ನೇ ಹೊರಕ್ಕೆ ಚಾಚುತ್ತವೆ. ಸೋಫಾ, ಊಟದ ಮೇಜು, ಕೆಲವೊಮ್ಮೆ ಇಡೀ ಅಡುಗೆಮನೆಯೇ ಗೋಡೆಯೊಂದಿಗೆ ಹೊರಗೆ ಸರಿದು ಒಳಗೆ ವಿಶಾಲವಾದ ಪಡಸಾಲೆ ತೆರೆದುಕೊಳ್ಳುತ್ತದೆ. 'ಸ್ಲೈಡ್-ಔಟ್' ಎಂಬ ಹೆಸರಿನ ಈ ಜಾರುಕೋಣೆ 1990ರ ದಶಕದಿಂದೀಚೆಗೆ ಅಲ್ಲಿನ ಮನೆ-ವಾಹನಗಳ ಪ್ರಮುಖ ಆಕರ್ಷಣೆಯಾಗಿದೆ. ಹಗುರವಾದ ಕೋಣೆಗಳನ್ನು ವಿದ್ಯುತ್ ಮೋಟರು ಹಲ್ಲುಚಕ್ರಗಳ ಮೂಲಕ ತಳ್ಳಿದರೆ, ಭಾರವಾದ ಕೋಣೆಗಳನ್ನು ಅನೇಕ ವಾಹನಗಳಲ್ಲಿ ಹೈಡ್ರಾಲಿಕ್ ಸಿಲಿಂಡರುಗಳು ತಳ್ಳುತ್ತವೆ, ಎಳೆಯುತ್ತವೆ.

ತೊಂದರೆ ಎದುರಾಗುವುದು ಸಾಮಾನ್ಯವಾಗಿ ಹೊರಡುವ ದಿನ ಬೆಳಗ್ಗೆ. ಗುಂಡಿ ಒತ್ತಿದರೂ ಕೋಣೆ ಒಳಗೆ ಬಾರದು. ಚಾಚಿದ ಗೋಡೆಯೊಂದಿಗೆ ವಾಹನ ರಸ್ತೆಗಿಳಿಯುವಂತಿಲ್ಲ. ಕರೆ ಬಂದಾಗ ಓಡಿ ಬರುವ ಮೆಕ್ಯಾನಿಕ್, ವಾಹನದ ಅಡಿಯಲ್ಲಿ ಟಾರ್ಚ್ ಬಿಟ್ಟು ಮೊದಲು ಹುಡುಕುವುದು ಎಣ್ಣೆಯ ತೇವವನ್ನು. ಒತ್ತಡದಲ್ಲಿರುವ ದ್ರವ ಯಾವುದೋ ಸಂದಿಯಲ್ಲಿ ದಾರಿ ಮಾಡಿಕೊಂಡು ಹೊರಗೆ ಬರುತ್ತಿದೆಯೇ ಎಂಬುದೇ ಅವನ ಮೊದಲ ಪ್ರಶ್ನೆ. 230 ವರ್ಷಗಳ ಹಿಂದೆ ಲಂಡನ್ನಿನ ಕಾರ್ಖಾನೆಯೊಂದರಲ್ಲಿ ಕಾಲು ಕುಂಟಾಗಿದ್ದ ಒಬ್ಬ ಬಡಗಿಯನ್ನು ಕಾಡಿದ್ದೂ ಇದೇ ಪ್ರಶ್ನೆ. ಆತನ ಹೆಸರು ಜೋಸೆಫ್ ಬ್ರಾಮಾ. ನಮ್ಮ ಬೀದಿಗಳಲ್ಲಿ ಚರಂಡಿ ಅಗೆಯುವ ಜೆಸಿಬಿಯ ತೋಳು, ಮರಳು ಸುರಿಯುವ ಟಿಪ್ಪರಿನ ಬೆನ್ನು, ಗ್ಯಾರೇಜಿನಲ್ಲಿ ಕಾರನ್ನು ಎತ್ತುವ ಜ್ಯಾಕ್, ಇವೆಲ್ಲವೂ ಆತನ ಯಂತ್ರದ ಸಂತಾನಗಳು. ಆದರೂ ಯಂತ್ರಶಾಸ್ತ್ರದ ವಿದ್ಯಾರ್ಥಿಗಳನ್ನು ಬಿಟ್ಟರೆ ಆತನ ಹೆಸರು ಬಲ್ಲವರು ನಮ್ಮಲ್ಲಿ ಕಡಿಮೆ.

ಬ್ರಾಮಾ ಹುಟ್ಟಿದ್ದು 1748ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತ್ಯದ ಬಾರ್ನ್‌ಸ್ಲಿ ಬಳಿಯ ಸ್ಟೇನ್‌ಬರೋ ಎಂಬ ಹಳ್ಳಿಯಲ್ಲಿ. ತಂದೆ ರೈತ. ಮನೆತನದ ಹೆಸರು ಆಗ 'ಬ್ರಾಮ್ಮಾ' ಎಂದಿತ್ತು, ಲಂಡನ್ ಸೇರಿದ ಮೇಲೆ ಅದನ್ನು ಆತ ಬ್ರಾಮಾ ಎಂದು ಬದಲಿಸಿಕೊಂಡ. ಸಮೀಪದ ಸಿಲ್ಕ್‌ಸ್ಟೋನ್ ಶಾಲೆಯಲ್ಲಿ ಒಂದಿಷ್ಟು ಅಕ್ಷರ ಕಲಿತ ಹುಡುಗ, ಬೆಳೆದು ತಂದೆಯ ನೇಗಿಲನ್ನೇ ಹಿಡಿಯಬೇಕಿತ್ತು. ಆದರೆ ಹದಿನಾರರ ಸುಮಾರಿಗೆ ಪಾದದ ಗಂಟಿಗೆ ಬಿದ್ದ ಪೆಟ್ಟು ಆತನ ದಾರಿಯನ್ನೇ ತಿರುಗಿಸಿತು. ಹೊಲದ ಕೆಲಸಕ್ಕೆ ಕಾಲು ಬಾರದಾಯಿತು. ಬಿಡುವಿನ ವೇಳೆಯಲ್ಲಿ ಮರದ ದಿಮ್ಮಿ ಕೊರೆದು ಪಿಟೀಲಿನಂಥ ವಾದ್ಯಗಳನ್ನು ಮಾಡುತ್ತಿದ್ದ ಕೈಗಳಿಗೆ ಊರಿನ ಬಡಗಿ ಥಾಮಸ್ ಅಲಟ್ ಬಳಿ ಕೆಲಸ ಸಿಕ್ಕಿತು. ಬಡಗಿತನ ಕಲಿತಾದ ಮೇಲೆ ಆತ ಲಂಡನ್ನಿಗೆ ಹೋದದ್ದು ನಡೆದುಕೊಂಡೇ. ಊರಿನಿಂದ ಲಂಡನ್ನಿಗೆ 250 ಕಿಲೋಮೀಟರಿಗೂ ಹೆಚ್ಚು ದೂರವಿದೆ, ಕಾಲು ಊನವಾಗಿದ್ದವನೊಬ್ಬ ಅಷ್ಟು ದೂರ ನಡೆದ ಎಂಬುದೇ ಆತನ ಸ್ವಭಾವದ ಬಗ್ಗೆ ಸಾಕಷ್ಟು ಹೇಳುತ್ತದೆ.

ರಾಜಧಾನಿಯಲ್ಲಿ ಆತ ಪೀಠೋಪಕರಣ ಮಾಡುವವನಾದ. ಆ ಕಾಲಕ್ಕೆ ಸಿರಿವಂತರ ಮನೆಗಳಲ್ಲಿ ನೀರು ಹರಿಯುವ ಶೌಚಾಲಯಗಳು ಆಗಷ್ಟೇ ಕಾಣಿಸಿಕೊಳ್ಳುತ್ತಿದ್ದವು. ಗಡಿಯಾರ ತಯಾರಕ ಅಲೆಗ್ಸಾಂಡರ್ ಕಮ್ಮಿಂಗ್ 1775ರಲ್ಲಿ ಪೇಟೆಂಟ್ ಪಡೆದಿದ್ದ ಮಾದರಿ ಅದು. ಅದಕ್ಕೆ ಮರದ ಚೌಕಟ್ಟು ಕೂರಿಸುವ ಕೆಲಸ ಬ್ರಾಮಾನ ಪಾಲಿಗೆ ಬಂತು. ಬಟ್ಟಲಿನ ತಳದಲ್ಲಿದ್ದ, ಅತ್ತಿತ್ತ ಜಾರುವ ಲೋಹದ ತಗಡು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಬ್ರಾಮಾ ಜಾರುವ ತಗಡನ್ನೇ ತೆಗೆದುಹಾಕಿ, ಕೀಲಿನ ಮೇಲೆ ತಿರುಗಿ ಬಿಗಿಯಾಗಿ ಮುಚ್ಚಿಕೊಳ್ಳುವ ಕವಾಟವೊಂದನ್ನು ರೂಪಿಸಿದ. 1778ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಲಂಡನ್ನಿನ ಡೆನ್‌ಮಾರ್ಕ್ ಸ್ಟ್ರೀಟಿನಲ್ಲಿ ಕಾರ್ಯಾಗಾರ ತೆರೆದು ಅವನ್ನು ಮಾರತೊಡಗಿದ. ವಿಕ್ಟೋರಿಯಾ ರಾಣಿಯ ಆಸ್ಬೋರ್ನ್ ಅರಮನೆಯವರೆಗೂ ಈ ಮಾದರಿ ಪ್ರವೇಶ ಪಡೆಯಿತು. ಸಿಕ್ಕಿಹಾಕಿಕೊಳ್ಳುವ ಜಾರುತಗಡು ಮತ್ತು ಸೋರುವ ಕವಾಟ, ಇವೆರಡರೊಂದಿಗೆ ಶುರುವಾದ ಆತನ ಉದ್ಯೋಗ ಕೊನೆಯವರೆಗೂ ಅವೆರಡನ್ನು ಬಿಡಲಿಲ್ಲ ಎನ್ನಬಹುದು.

ಬೀಗದಿಂದ ಒತ್ತುಯಂತ್ರಕ್ಕೆ

ಮುಂದಿನ ಹೆಜ್ಜೆ ಬೀಗ. 1784ರಲ್ಲಿ ಬ್ರಾಮಾ ಪಡೆದ ಬೀಗದ ಪೇಟೆಂಟ್ ಆತನನ್ನು ಲಂಡನ್ನಿನ ಮನೆಮಾತಾಗಿಸಿತು. ಕೊಳವೆಯಾಕಾರದ ಸಣ್ಣ ಕೀಲಿಯನ್ನು ಒಳಗೆ ತಳ್ಳಿದಾಗ ಬೀಗದೊಳಗಿನ ಹಲವು ಪಟ್ಟಿಗಳು ಬೇರೆ ಬೇರೆ ಆಳಕ್ಕೆ ಜಾರುತ್ತವೆ, ಪ್ರತಿಯೊಂದೂ ತನ್ನ ನಿಖರ ಸ್ಥಾನದಲ್ಲಿ ನಿಂತರೆ ಮಾತ್ರ ಬೀಗ ತಿರುಗುತ್ತದೆ. ಪಿಕಡಿಲಿಯ 124ನೇ ಸಂಖ್ಯೆಯ ತನ್ನ ಅಂಗಡಿಯ ಕಿಟಕಿಯಲ್ಲಿ 18 ಪಟ್ಟಿಗಳ ಒಂದು ಬೀಗವನ್ನು ತೂಗುಹಾಕಿ, ಅದನ್ನು ಕೀಲಿಯಿಲ್ಲದೆ ತೆರೆದವರಿಗೆ ಕೂಡಲೇ 200 ಗಿನಿ ಬಹುಮಾನ ಎಂದು ಫಲಕ ಬರೆಸಿದ. ಆತ ಬದುಕಿರುವವರೆಗೆ ಆ ಹಣ ಪಡೆಯಲು ಯಾರಿಗೂ ಸಾಧ್ಯವಾಗಲಿಲ್ಲ.

ಬೀಗ ಜಾಣತನದ್ದಾಗಿತ್ತು, ಆದರೆ ಮಾಡುವುದು ಕಷ್ಟವಿತ್ತು. ಕೈಯಿಂದ ಅರದಲ್ಲಿ ಉಜ್ಜಿ ಅಷ್ಟು ನಿಖರತೆ ತರಬಲ್ಲ ಕೆಲಸಗಾರರು ಲಂಡನ್ನಿನಲ್ಲೇ ಬೆರಳೆಣಿಕೆಯಷ್ಟಿದ್ದರು. ಆಗ 1789ರಲ್ಲಿ ಬ್ರಾಮಾನ ಅಂಗಡಿಗೆ ಬಂದವನು ವೂಲ್‌ವಿಚ್ ಶಸ್ತ್ರಾಗಾರದಲ್ಲಿ ಪಳಗಿದ್ದ ಹೆನ್ರಿ ಮಾಡ್‌ಸ್ಲಿ ಎಂಬ 18ರ ಹುಡುಗ. ಇಷ್ಟು ಚಿಕ್ಕವನನ್ನು ಸೇರಿಸಿಕೊಳ್ಳಲು ಯಜಮಾನನೂ ಮೇಸ್ತ್ರಿಯೂ ಹಿಂಜರಿದರಂತೆ. ಸವೆದು ಕೆಲಸಕ್ಕೆ ಬಾರದಂತಾಗಿದ್ದ ಹಳೆಯ ವೈಸ್ ಒಂದನ್ನು ತೋರಿಸಿದ ಮಾಡ್‌ಸ್ಲಿ, ಸಂಜೆ ಆರರೊಳಗೆ ಅದನ್ನು ಹೊಸದರಂತೆ ಮಾಡಿಕೊಡುವುದಾಗಿ ಹೇಳಿ ಹಾಗೆಯೇ ಮಾಡಿ ತೋರಿಸಿದ ಎಂದು ಮುಂದೆ ಆತನ ಶಿಷ್ಯನಾದ ಜೇಮ್ಸ್ ನ್ಯಾಸ್ಮಿತ್ ದಾಖಲಿಸಿದ್ದಾನೆ. ಕೆಲವೇ ವರ್ಷಗಳಲ್ಲಿ ಮಾಡ್‌ಸ್ಲಿ ಕಾರ್ಖಾನೆಯ ಮುಖ್ಯ ಮೇಸ್ತ್ರಿಯಾದ. ಬೀಗದ ಬಿಡಿಭಾಗಗಳನ್ನು ಒಂದೇ ಅಚ್ಚಿನಲ್ಲಿ ತೆಗೆಯಬಲ್ಲ ಯಂತ್ರಗಳನ್ನು ಇಬ್ಬರೂ ಸೇರಿ ಕಟ್ಟಿದರು. ಬ್ರಾಮಾನ ಮನೆಯಲ್ಲಿ ಕೆಲಸಕ್ಕಿದ್ದ ಯುವತಿಯನ್ನು ಮಾಡ್‌ಸ್ಲಿ ಮದುವೆಯಾದ.

ಇದೇ ಕಾಲದಲ್ಲಿ ಬ್ರಾಮಾನ ತಲೆಯಲ್ಲಿ ಸುಳಿದಾಡುತ್ತಿದ್ದುದು ಮತ್ತೊಂದು ಯಂತ್ರ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಸಾವಿನ ಮರುವರ್ಷ, ಅಂದರೆ 1663ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಹೇರಿದ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುತ್ತದೆ ಎಂಬ ನಿಯಮ ವಿವರವಾಗಿ ಬಂದಿತ್ತು. ಒಂದು ಚದರ ಸೆಂಟಿಮೀಟರ್ ಅಗಲದ ಸಣ್ಣ ಪಿಸ್ಟನ್ನನ್ನು ಒಂದು ಕಿಲೋ ಬಲದಿಂದ ಒತ್ತಿದರೆ, ಅದೇ ನೀರಿಗೆ ತಾಗಿರುವ ನೂರು ಚದರ ಸೆಂಟಿಮೀಟರಿನ ದೊಡ್ಡ ಪಿಸ್ಟನ್ ನೂರು ಕಿಲೋ ಭಾರ ಎತ್ತುತ್ತದೆ. ಅದಕ್ಕೆ ಪ್ರತಿಯಾಗಿ ಸಣ್ಣ ಪಿಸ್ಟನ್ ನೂರು ಪಾಲು ಹೆಚ್ಚು ದೂರ ಓಡಬೇಕು. ಪುಸ್ತಕದಲ್ಲಿ ಇಷ್ಟು ಸರಳವಾಗಿದ್ದ ಈ ಲೆಕ್ಕ 130 ವರ್ಷ ಕಳೆದರೂ ಕಾರ್ಖಾನೆಗೆ ಬಂದಿರಲಿಲ್ಲ. ಬ್ರಾಮಾ 1795ರಲ್ಲಿ ಈ ತತ್ವದ ಮೇಲೆ ಒತ್ತುಯಂತ್ರಕ್ಕೆ, ಅಂದರೆ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದ.

ಪೇಟೆಂಟ್ ಸಿಕ್ಕಿದರೂ ಯಂತ್ರ ಹಟ ಬಿಡಲಿಲ್ಲ. ದೊಡ್ಡ ಪಿಸ್ಟನ್ ಸಿಲಿಂಡರಿನಿಂದ ಹೊರಬರುವ ಕಂಠದಲ್ಲಿ ನೀರು ಚಿಮ್ಮತೊಡಗಿತು. ಆವಿಯಂತ್ರಗಳಲ್ಲಿ ಮಾಡುವಂತೆ ಸೆಣಬು, ನಾರು ತುಂಬಿ ಬೋಲ್ಟುಗಳಿಂದ ಬಿಗಿಯುವುದು ರೂಢಿಯಲ್ಲಿದ್ದ ಉಪಾಯ. ಆದರೆ ಅಷ್ಟು ಒತ್ತಡದ ನೀರನ್ನು ತಡೆಯುವಷ್ಟು ಬಿಗಿದರೆ ಪಿಸ್ಟನ್ ಒಳಗೇ ಕಚ್ಚಿಕೊಳ್ಳುತ್ತಿತ್ತು. ಎತ್ತುವ ಕೆಲಸ ಮುಗಿದು ಒತ್ತಡ ಇಳಿದ ಮೇಲೂ ಅದು ಕೆಳಗೆ ಬರುತ್ತಿರಲಿಲ್ಲ. ಸಡಿಲಿಸಿದರೆ ಸೋರಿಕೆ, ಬಿಗಿದರೆ ಸ್ತಂಭನ. ಜಾರಬೇಕು ಆದರೆ ಸೋರಬಾರದು ಎಂಬ ಈ ಇಕ್ಕಟ್ಟಿನಲ್ಲಿ ಇಡೀ ಯೋಜನೆ ನಿಂತುಹೋಯಿತು.

ಬಿಡುಗಡೆ ತಂದದ್ದು ಒಂದು ತೊಗಲಿನ ಬಳೆ. ಅಡ್ಡಕ್ಕೆ ಸೀಳಿ ನೋಡಿದರೆ ಬೋರಲು ಹಾಕಿದ ತೋಡಿನಂತೆ, ಎರಡು ತುಟಿಗಳಿರುವ ಚರ್ಮದ ಉಂಗುರ ಅದು. ಅದರ ಟೊಳ್ಳು ಬಾಯಿ ನೀರಿನ ಕಡೆಗಿರುವಂತೆ ಸಿಲಿಂಡರಿನ ಕಂಠದ ಕಾಲುವೆಯಲ್ಲಿ ಕೂರಿಸಲಾಯಿತು. ಒತ್ತಡ ಏರಿದಂತೆ ನೀರು ಆ ಟೊಳ್ಳಿನೊಳಗೆ ನುಗ್ಗಿ, ಒಂದು ತುಟಿಯನ್ನು ಪಿಸ್ಟನ್ನಿಗೂ ಇನ್ನೊಂದನ್ನು ಸಿಲಿಂಡರಿನ ಗೋಡೆಗೂ ಅದುಮುತ್ತದೆ. ಹೊರಗೆ ನುಗ್ಗಲು ಹವಣಿಸುವ ನೀರೇ ತನ್ನ ಬಾಗಿಲನ್ನು ತಾನೇ ಮುಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಬಿಗಿತ ಹೆಚ್ಚು, ಒತ್ತಡ ಇಳಿದ ಕೂಡಲೇ ಚರ್ಮ ಸಡಿಲಗೊಂಡು ಪಿಸ್ಟನ್ ಸಲೀಸಾಗಿ ಹಿಂದಕ್ಕೆ ಜಾರುತ್ತದೆ. ಇಂದಿನ ಹೈಡ್ರಾಲಿಕ್ ಸಿಲಿಂಡರುಗಳಲ್ಲಿರುವ ಕೃತಕ ರಬ್ಬರ್ ಅಥವಾ ಪಾಲಿಯುರೆಥೇನ್ ಸೀಲ್‌ಗಳಲ್ಲಿ ಅನೇಕವು ಇದೇ ಆಕಾರದವು. ವಸ್ತು ಬದಲಾಯಿತು, ಉಪಾಯ ಬದಲಾಗಲಿಲ್ಲ.

ಈ ಉಪಾಯ ಯಾರದು? ಮಾಡ್‌ಸ್ಲಿಯದೇ ಎಂದು ನ್ಯಾಸ್ಮಿತ್ ಸ್ಪಷ್ಟವಾಗಿ ಬರೆದಿದ್ದಾನೆ. ಆತ ಮಾಡ್‌ಸ್ಲಿಯ ಕೈಕೆಳಗೆ ದುಡಿದವನು, ಗುರುವಿನ ಮೇಲೆ ಅಪಾರ ಅಭಿಮಾನವಿದ್ದವನು ಎಂಬುದನ್ನು ಓದುಗರು ನೆನಪಿಡಬೇಕು. ಹಾಗಿದ್ದರೂ ಆ ಮಾತನ್ನು ತಳ್ಳಿಹಾಕಲು ಬಲವಾದ ಕಾರಣವಿಲ್ಲ, ಇತಿಹಾಸಕಾರರಲ್ಲಿ ಹೆಚ್ಚಿನವರು ಅದನ್ನು ಒಪ್ಪುತ್ತಾರೆ. ಯಂತ್ರದ ಪೇಟೆಂಟ್ ಇದ್ದದ್ದು ಬ್ರಾಮಾನ ಹೆಸರಿನಲ್ಲಿ, ಯಂತ್ರಕ್ಕೆ ಅಂಟಿದ ಹೆಸರೂ ಆತನದೇ. 1797ರಲ್ಲಿ, ಸಂಸಾರ ಬೆಳೆಯುತ್ತಿದ್ದ ಮಾಡ್‌ಸ್ಲಿ ವಾರಕ್ಕೆ 30 ಶಿಲಿಂಗ್ ಇದ್ದ ತನ್ನ ಕೂಲಿಯನ್ನು ಹೆಚ್ಚಿಸುವಂತೆ ಕೇಳಿದ. ಬ್ರಾಮಾ ಖಡಾಖಂಡಿತವಾಗಿ ನಿರಾಕರಿಸಿದ. ಮಾಡ್‌ಸ್ಲಿ ಕೆಲಸ ಬಿಟ್ಟು ಆಕ್ಸ್‌ಫರ್ಡ್ ಸ್ಟ್ರೀಟಿನ ಬಳಿ ಸ್ವಂತ ಅಂಗಡಿ ತೆರೆದ. ಮುಂದೆ ತಿರುಪು ಕೊರೆಯುವ ಲೇತ್ ಯಂತ್ರಕ್ಕೆ ಖಚಿತ ರೂಪ ಕೊಟ್ಟು, ಬ್ರಿಟನ್ನಿನ ಒಂದಿಡೀ ಪೀಳಿಗೆಯ ಎಂಜಿನಿಯರುಗಳಿಗೆ ಗುರುವಾದ. ಕೆಲಸವಿಲ್ಲದ ದಿನಗಳಲ್ಲೂ ಆಳುಗಳನ್ನು ಕೈಬಿಡದ ಉದಾರಿ ಎಂದು ಬ್ರಾಮಾನನ್ನು ಹೊಗಳಿದ ಜೀವನಚರಿತ್ರೆಗಳಿವೆ. ಅವನ್ನು ಓದುವಾಗಲೆಲ್ಲ ಈ 30 ಶಿಲಿಂಗಿನ ಪ್ರಸಂಗ ಅಡ್ಡ ಬಂದು ನಿಲ್ಲುತ್ತದೆ.

ಜಾರುಕೋಣೆಯ ರೋಗಲಕ್ಷಣ

ಬ್ರಾಮಾನ ಯಂತ್ರದಲ್ಲಿದ್ದುದು ಕೈಪಂಪು, ನೀರು, ಸಿಲಿಂಡರ್ ಮತ್ತು ತೊಗಲು. ಇಂದಿನ ಮನೆ-ವಾಹನದ ಹೊಟ್ಟೆಯಲ್ಲಿ ಕೈಯ ಬದಲು 12 ವೋಲ್ಟ್ ಬ್ಯಾಟರಿಯಿಂದ ತಿರುಗುವ ಮೋಟರಿದೆ, ನೀರಿನ ಬದಲು ಎಣ್ಣೆಯಿದೆ. ಒಂದೇ ಪಂಪು ಹಲವು ಜಾರುಕೋಣೆಗಳನ್ನೂ ವಾಹನವನ್ನು ಸಮತಟ್ಟಾಗಿ ನಿಲ್ಲಿಸುವ ಜ್ಯಾಕ್‌ಗಳನ್ನೂ ನಡೆಸುವುದುಂಟು. ಯಾವ ಸಿಲಿಂಡರಿಗೆ ಎಣ್ಣೆ ಹೋಗಬೇಕೆಂಬುದನ್ನು ವಿದ್ಯುತ್ ಕವಾಟಗಳು ನಿರ್ಧರಿಸುತ್ತವೆ. ಚದರ ಸೆಂಟಿಮೀಟರಿಗೆ 100 ಕಿಲೋ ಒತ್ತಡವಿದ್ದರೆ, 20 ಚದರ ಸೆಂಟಿಮೀಟರಿನ ಪಿಸ್ಟನ್ 2000 ಕಿಲೋ ಬಲದಿಂದ ತಳ್ಳುತ್ತದೆ. ಹಿಡಿಗಾತ್ರದ ಸಿಲಿಂಡರ್ ಅಡುಗೆಮನೆಯನ್ನು ತಳ್ಳುವ ಗುಟ್ಟು ಇಷ್ಟೇ.

ಕೋಣೆ ಅಲುಗದಿದ್ದಾಗ ಮೊದಲು ಕಿವಿಗೊಡಬೇಕಾದುದು ಮೋಟರಿನ ಸದ್ದಿಗೆ. ಸದ್ದೇ ಇಲ್ಲವೆಂದರೆ ದೋಷ ಎಣ್ಣೆಯಲ್ಲಿಲ್ಲ, ವಿದ್ಯುತ್ತಿನಲ್ಲಿದೆ. ಬ್ಯಾಟರಿ ಇಳಿದಿರಬಹುದು, ಫ್ಯೂಸ್ ಹೋಗಿರಬಹುದು, ತುಕ್ಕು ಹಿಡಿದ ಅರ್ಥಿಂಗ್ ತಂತಿ ಸಡಿಲವಾಗಿರಬಹುದು. ಹ್ಯಾಂಡ್ ಬ್ರೇಕ್ ಹಾಕದಿದ್ದರೆ ಅಥವಾ ಚಾವಿ ನಿಗದಿತ ಸ್ಥಾನದಲ್ಲಿಲ್ಲದಿದ್ದರೆ ಕೋಣೆ ಚಲಿಸದಂತೆ ಸುರಕ್ಷತಾ ತಡೆ ಇರುವ ವಾಹನಗಳೂ ಇವೆ. ಹೈಡ್ರಾಲಿಕ್ ದೋಷವೆಂದು ದೂರು ಬಂದ ಎಷ್ಟೋ ವಾಹನಗಳಲ್ಲಿ ರೋಗ ಕೊನೆಗೆ ಸಿಗುವುದು ಬ್ಯಾಟರಿಯ ಟರ್ಮಿನಲ್ ಮೇಲೆ. ದುಬಾರಿ ಪಂಪನ್ನು ಬಿಚ್ಚುವ ಮುನ್ನ, ಮೋಟರು ತಿರುಗಲು ಯತ್ನಿಸುವ ಗಳಿಗೆಯಲ್ಲೇ ವೋಲ್ಟೇಜ್ ಅಳೆಯುವುದು ಜಾಣತನ. ಸುಮ್ಮನಿದ್ದಾಗ 12 ತೋರಿಸುವ ದುರ್ಬಲ ಬ್ಯಾಟರಿ, ಹೊರೆ ಬಿದ್ದ ಕೂಡಲೇ ಕುಸಿಯುತ್ತದೆ.

ಮೋಟರು ತಿರುಗುತ್ತಿದ್ದೂ ಕೋಣೆ ಕದಲದಿದ್ದರೆ ಗಮನ ಎಣ್ಣೆಯ ಕಡೆಗೆ ಹೊರಳಬೇಕು. ತೊಟ್ಟಿಯಲ್ಲಿ ಎಣ್ಣೆ ತಗ್ಗಿದರೆ ಪಂಪು ಗಾಳಿ ಎಳೆಯುತ್ತದೆ. ಎಣ್ಣೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ ಎನ್ನುವಷ್ಟು ಗಟ್ಟಿ. ಗಾಳಿ ಹಾಗಲ್ಲ, ಅದು ಸ್ಪ್ರಿಂಗಿನಂತೆ ಅದುಮಿಕೊಳ್ಳುತ್ತದೆ. ಕೋಣೆ ನಡುಗುತ್ತಾ, ಕುಪ್ಪಳಿಸುತ್ತಾ ಚಲಿಸಿದರೆ ಕೊಳವೆಯಲ್ಲಿ ಗಾಳಿ ಸೇರಿದೆ ಎಂದೇ ತಿಳಿಯಬಹುದು. ಸೋರಿಕೆ ಇದ್ದರೆ ಮೊದಲು ಅದನ್ನು ಸರಿಪಡಿಸಿ, ಎಣ್ಣೆ ತುಂಬಿ, ಕೋಣೆಯನ್ನು ಹಲವು ಬಾರಿ ಪೂರ್ತಿ ಹೊರಗೆ, ಪೂರ್ತಿ ಒಳಗೆ ನಡೆಸಿದರೆ ಅನೇಕ ವ್ಯವಸ್ಥೆಗಳಲ್ಲಿ ಗಾಳಿ ತೊಟ್ಟಿಯ ಮೂಲಕ ಹೊರಬೀಳುತ್ತದೆ. ಎಣ್ಣೆಯ ಮಟ್ಟ ನೋಡುವುದು ಸಾಮಾನ್ಯವಾಗಿ ಎಲ್ಲ ಕೋಣೆಗಳೂ ಜ್ಯಾಕ್‌ಗಳೂ ಒಳಗಿರುವಾಗ. ಅವು ಹೊರಗಿದ್ದಾಗ ಒಂದಷ್ಟು ಎಣ್ಣೆ ಸಿಲಿಂಡರುಗಳಲ್ಲೇ ಇರುತ್ತದೆ. ಇದನ್ನರಿಯದೆ ಕಂಠಪೂರ್ತಿ ತುಂಬಿದವರ ವಾಹನದಲ್ಲಿ, ಕೋಣೆ ಒಳಗೆ ಬಂದಾಗ ತೊಟ್ಟಿ ಉಕ್ಕಿ ಹರಿಯುತ್ತದೆ.

ಯಾವ ಎಣ್ಣೆ ಎಂಬುದೂ ಸಣ್ಣ ಮಾತಲ್ಲ. ಅನೇಕ ತಯಾರಕರು ಹೇಳುವುದು ಕಾರುಗಳ ಆಟೋಮ್ಯಾಟಿಕ್ ಗೇರ್‌ಪೆಟ್ಟಿಗೆಗೆ ಹಾಕುವ ಕೆಂಪು ಎಣ್ಣೆಯನ್ನು. ಅದು ನೆಲದ ಮೇಲೆ ತೊಟ್ಟಿಕ್ಕಿದರೆ ಬಣ್ಣದಿಂದಲೇ ಪತ್ತೆಯಾಗುತ್ತದೆ. ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲ್ ಸುರಿದರೆ ಸೀಲ್‌ಗಳ ರಬ್ಬರ್ ಉಬ್ಬಿ ಮೆತ್ತಗಾಗಿ ಹಾಳಾಗುತ್ತದೆ. ಚಳಿ ಪ್ರದೇಶಗಳಲ್ಲಿ ಎಣ್ಣೆ ಮಂದವಾಗಿ ಕೋಣೆ ನಿಧಾನಕ್ಕೆ ಚಲಿಸುವುದು ಸಹಜ, ಅದು ರೋಗವಲ್ಲ.

ಎಲ್ಲಕ್ಕಿಂತ ಗೊಂದಲ ಹುಟ್ಟಿಸುವುದು ಕಣ್ಣಿಗೆ ಕಾಣದ ಸೋರಿಕೆ. ಹೊರಗೆ ಒಂದು ಹನಿ ಎಣ್ಣೆಯೂ ಇಲ್ಲ, ತೊಟ್ಟಿ ತುಂಬಿದೆ, ಆದರೂ ವಾಹನ ಓಡುವಾಗ ಕೋಣೆ ತಾನಾಗಿಯೇ ಅಂಗುಲ ಅಂಗುಲವಾಗಿ ಹೊರಗೆ ತೆವಳುತ್ತದೆ. ಇಂಥ ಕಡೆ ಎಣ್ಣೆಯನ್ನು ಹಿಡಿದು ನಿಲ್ಲಿಸಬೇಕಾದ ಕವಾಟ ಪೂರ್ತಿ ಮುಚ್ಚುತ್ತಿಲ್ಲ, ಇಲ್ಲವೇ ಸಿಲಿಂಡರಿನ ಒಳಗೆ ಪಿಸ್ಟನ್ನಿನ ಸುತ್ತ ಇರುವ ಸೀಲ್ ಸವೆದು ಎಣ್ಣೆ ಒಂದು ಬದಿಯಿಂದ ಇನ್ನೊಂದು ಬದಿಗೆ ನುಸುಳುತ್ತಿದೆ. ಕವಾಟದಲ್ಲಿ ಸಿಕ್ಕ ಒಂದು ಕಸದ ಕಣ ಸಾಕು. ಕೋಣೆಯ ಒಂದು ತುದಿ ಮುಂದೆ, ಇನ್ನೊಂದು ಹಿಂದೆ ಆಗಿ ಓರೆಯಾಗಿ ನಿಂತರೆ ಮಾತ್ರ ಎಣ್ಣೆಯನ್ನು ದೂರುವ ಮುನ್ನ ಹಳಿಗಳನ್ನು, ಎರಡೂ ತುದಿಗಳನ್ನು ಜೋಡಿಸುವ ದಂಡವನ್ನು ನೋಡಬೇಕು. ಮಗುವಿನ ಆಟಿಕೆಯೋ ತೆರೆದಿಟ್ಟ ಕಪಾಟಿನ ಬಾಗಿಲೋ ಅಡ್ಡ ಬಂದಿರುವುದೂ ಅಪರೂಪವಲ್ಲ. ಆಗಲೂ ಗುಂಡಿಯನ್ನು ಒತ್ತಿಯೇ ಹಿಡಿದರೆ ಎರಡು ಟನ್ ಬಲ ಯಾವುದನ್ನಾದರೂ ಮುರಿದೇ ತೀರುತ್ತದೆ.

ಏನೂ ತೋಚದ ಬೆಳಗಿಗಾಗಿ ತಯಾರಕರು ಒಂದು ಕಳ್ಳದಾರಿ ಇಟ್ಟಿರುತ್ತಾರೆ. ಕವಾಟಗಳನ್ನು ಕೈಯಿಂದ ತೆರೆದು, ಪಂಪಿನ ಮೋಟರಿನ ತುದಿಗೆ ಡ್ರಿಲ್ ಜೋಡಿಸಿ ತಿರುಗಿಸಿ ಕೋಣೆಯನ್ನು ಒಳಗೆಳೆಯುವ ವ್ಯವಸ್ಥೆ ಹಲವು ವಾಹನಗಳಲ್ಲಿದೆ. ಹಾಗೆ ಮಾಡಿದ ಮೇಲೆ ಕವಾಟಗಳನ್ನು ಮತ್ತೆ ಮುಚ್ಚಲು ಮರೆತು, ಮುಂದಿನ ಊರಿನಲ್ಲಿ ಕೋಣೆ ಕೆಲಸ ಮಾಡುತ್ತಿಲ್ಲವೆಂದು ಇನ್ನೊಬ್ಬ ಮೆಕ್ಯಾನಿಕ್‌ನನ್ನು ಕರೆಯುವವರೂ ಇದ್ದಾರೆ.

ಸೋರುವ ಜಾಗವನ್ನು ಬೆರಳಿನಿಂದ ಸವರಿ ಹುಡುಕುವ ಅಭ್ಯಾಸ ಮಾತ್ರ ಜೀವಕ್ಕೇ ಕುತ್ತು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಭೇದಿಸಿ ಮಾಂಸದೊಳಗೆ ಸೇರುತ್ತದೆ. ಗಾಯ ಚುಕ್ಕಿಯಂತೆ ಕಂಡರೂ ತಕ್ಷಣ ಶಸ್ತ್ರಚಿಕಿತ್ಸೆ ಬೇಕಾದೀತು, ತಡವಾದರೆ ಬೆರಳನ್ನೇ ಕತ್ತರಿಸಬೇಕಾದೀತು. ರಟ್ಟಿನ ತುಂಡೊಂದನ್ನು ಕೊಳವೆಯ ಬಳಿ ಹಿಡಿದು ಅದರ ಮೇಲೆ ಕಲೆ ಬೀಳುತ್ತದೆಯೇ ಎಂದು ನೋಡುವುದು ಗ್ಯಾರೇಜುಗಳ ರೂಢಿ. ಎಣ್ಣೆಯ ಬಲದ ಮೇಲಷ್ಟೇ ನಿಂತಿರುವ ಭಾರದ ಕೆಳಗೆ ತಲೆ ಹಾಕಬಾರದೆಂಬುದು ಇನ್ನೊಂದು ಕಟ್ಟುನಿಟ್ಟು.

ಆ ಎರಡನೆಯ ಎಚ್ಚರಿಕೆಗೆ ಇತಿಹಾಸದಲ್ಲಿ ದೊಡ್ಡ ಸಾಕ್ಷಿಯಿದೆ. ವೇಲ್ಸ್‌ನ ಮೆನೈ ಜಲಸಂಧಿಗೆ ರಾಬರ್ಟ್ ಸ್ಟೀಫನ್‌ಸನ್ ಕಟ್ಟಿಸುತ್ತಿದ್ದ ಬ್ರಿಟಾನಿಯಾ ರೈಲು ಸೇತುವೆಯ ಕಬ್ಬಿಣದ ಕೊಳವೆಗಳು ಒಂದೊಂದೂ 1500 ಟನ್ನಿಗೂ ಮಿಗಿಲು. ಅವನ್ನು ಗೋಪುರಗಳ ನೆತ್ತಿಗೆ ಎತ್ತಿದ್ದು ಬ್ರಾಮಾ ಮಾದರಿಯ ದೈತ್ಯ ಒತ್ತುಯಂತ್ರಗಳು. ಯಂತ್ರದ ಮೇಲೆ ಪೂರ್ಣ ಭರವಸೆ ಇಡದ ಸ್ಟೀಫನ್‌ಸನ್, ಕೊಳವೆ ಏರಿದಷ್ಟೂ ಅದರ ತುದಿಗಳ ಕೆಳಗೆ ಆಸರೆ ತುಂಬುತ್ತಾ ಬರುವಂತೆ ಕಟ್ಟಪ್ಪಣೆ ಮಾಡಿದ್ದ. 1849ರ ಆಗಸ್ಟ್‌ನಲ್ಲಿ ಸಿಲಿಂಡರಿನ ತಳವೇ ಒಡೆದು ಸಿಡಿಯಿತು. ಒಬ್ಬ ಕಾರ್ಮಿಕ ಪ್ರಾಣ ಕಳೆದುಕೊಂಡ. ಕೊಳವೆ ಕುಸಿದದ್ದು ಮಾತ್ರ ಕೆಲವೇ ಅಂಗುಲ, ಆಸರೆಯ ಮೇಲೆ ಕೂತು ಉಳಿಯಿತು. ಆಸರೆ ಇಲ್ಲದಿದ್ದರೆ ಸೇತುವೆಯ ಆ ಭಾಗ ಸಮುದ್ರದ ಪಾಲಾಗುತ್ತಿತ್ತು.

ಕೊನೆಯ ವರ್ಷಗಳು

ಬ್ರಾಮಾ ಈ ಸೇತುವೆಯನ್ನು ನೋಡಲು ಬದುಕಿರಲಿಲ್ಲ. ಆದರೆ ಮಾಡ್‌ಸ್ಲಿ ಹೋದ ಮೇಲೂ ಆತನ ಕಾರ್ಖಾನೆ ಬಡವಾಗಲಿಲ್ಲ. ನೆಲಮಾಳಿಗೆಯ ಪೀಪಾಯಿಯಿಂದ ಮೇಲಿನ ಅಂಗಡಿಗೆ ಬಿಯರ್ ಏರಿಸುವ ಪಂಪಿಗೆ 1797ರಲ್ಲಿ, ಮರ ಹತ್ತರಿ ಹೊಡೆಯುವ ಯಂತ್ರಕ್ಕೆ 1802ರಲ್ಲಿ ಪೇಟೆಂಟ್ ದೊರೆಯಿತು. ಬ್ಯಾಂಕ್ ಆಫ್ ಇಂಗ್ಲೆಂಡಿನ ನೋಟುಗಳ ಮೇಲೆ ಅನುಕ್ರಮ ಸಂಖ್ಯೆ ಮುದ್ರಿಸುವ ಯಂತ್ರ 1806ರದು, ಅಲ್ಲಿಯವರೆಗೆ ಗುಮಾಸ್ತರು ಅವನ್ನು ಕೈಯಿಂದಲೇ ಬರೆಯುತ್ತಿದ್ದರು. ಒಟ್ಟು 18 ಪೇಟೆಂಟ್‌ಗಳು ಆತನ ಹೆಸರಿನಲ್ಲಿವೆ. ಪೇಟೆಂಟ್‌ಗಳಿಂದಲೇ ಬದುಕು ಕಟ್ಟಿಕೊಂಡ ಈತ, ಜೇಮ್ಸ್ ವಾಟ್‌ನ ಆವಿಯಂತ್ರದ ಪೇಟೆಂಟ್ ವಿರುದ್ಧ ಮಾತ್ರ ನ್ಯಾಯಾಲಯದಲ್ಲಿ ನಿಂತ. ವಾಟ್ ಕೊಟ್ಟ ವಿವರಣೆಯಿಂದ ಬೇರೆಯವರು ಯಂತ್ರವನ್ನು ಕಟ್ಟುವುದೇ ಅಸಾಧ್ಯ ಎಂಬುದು ಆತನ ಆಕ್ಷೇಪ. ಹೇಳಬೇಕಾದ್ದನ್ನೆಲ್ಲ ಹೇಳಲು ನ್ಯಾಯಾಲಯದಲ್ಲಿ ಅವಕಾಶ ಸಿಗಲಿಲ್ಲವೆಂದು 1797ರಲ್ಲಿ ನ್ಯಾಯಾಧೀಶರಿಗೆ ಬರೆದ ದೀರ್ಘ ಪತ್ರವನ್ನೇ ಅಚ್ಚು ಹಾಕಿಸಿದ. ವಾದದಲ್ಲಿ ತಿರುಳಿತ್ತು, ಹೊಟ್ಟೆಕಿಚ್ಚೂ ಇಲ್ಲದಿರಲಿಲ್ಲ.

1812ರ ಪೇಟೆಂಟ್‌ನಲ್ಲಿ ಆತ ಕಂಡ ಕನಸು ಆ ಕಾಲಕ್ಕೆ ಅತಿಯೆನಿಸುವಂಥದು. ಊರಿನ ಬೀದಿಗಳ ಅಡಿಯಲ್ಲಿ ಕೊಳವೆ ಹೂತು, ಒತ್ತಡದ ನೀರನ್ನು ಮನೆ ಮನೆಗೆ, ಕಾರ್ಖಾನೆಗೆ ಹರಿಸಿ ಯಂತ್ರಗಳನ್ನು ನಡೆಸುವ ಯೋಜನೆ ಅದು. ಆತ ಸತ್ತು ಏಳು ದಶಕವಾಗುವ ಹೊತ್ತಿಗೆ, 1883ರಲ್ಲಿ ಸ್ಥಾಪನೆಯಾದ ಲಂಡನ್ ಹೈಡ್ರಾಲಿಕ್ ಪವರ್ ಕಂಪನಿ ಅದನ್ನೇ ನಿಜ ಮಾಡಿತು. ಲಿಫ್ಟುಗಳು, ಕ್ರೇನುಗಳು, ನಾಟಕಶಾಲೆಗಳ ರಂಗಸಜ್ಜಿಕೆ 1977ರವರೆಗೆ ಆ ಕೊಳವೆಗಳ ಬಲದಿಂದ ನಡೆದವು.

1814ರ ಚಳಿಗಾಲ ಸಮೀಪಿಸಿದಾಗ ಬ್ರಾಮಾ ಹ್ಯಾಂಪ್‌ಶೈರಿನ ಹೋಲ್ಟ್ ಅರಣ್ಯದಲ್ಲಿದ್ದ. ಒತ್ತುಯಂತ್ರದಿಂದ ಮರಗಳನ್ನು ಬೇರುಸಹಿತ ಕೀಳಬಹುದೆಂದು ತೋರಿಸುವ ಪ್ರಯೋಗ ಅಲ್ಲಿ ನಡೆದಿತ್ತು. 66ರ ವಯಸ್ಸಿನಲ್ಲಿ ಕಾಡಿನ ಥಂಡಿಯಲ್ಲಿ ತಾನೇ ನಿಂತು ಕೆಲಸ ಮಾಡಿಸುತ್ತಿದ್ದವನಿಗೆ ನೆಗಡಿ ಹತ್ತಿ ನ್ಯುಮೋನಿಯಾಕ್ಕೆ ತಿರುಗಿತು. ಡಿಸೆಂಬರ್ 9ರಂದು ಕೊನೆಯುಸಿರೆಳೆದ. ಲಂಡನ್ನಿನ ಪ್ಯಾಡಿಂಗ್‌ಟನ್‌ನ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ ಆತನನ್ನು ಮಣ್ಣು ಮಾಡಲಾಯಿತು.

ಪಿಕಡಿಲಿಯ ಕಿಟಕಿಯಲ್ಲಿ ಬೀಗ ಮಾತ್ರ ಹಾಗೆಯೇ ತೂಗುತ್ತಿತ್ತು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಮಹಾ ವಸ್ತುಪ್ರದರ್ಶನ ನಡೆದಾಗ ಅಮೆರಿಕದಿಂದ ಬಂದಿದ್ದ ಆಲ್ಫ್ರೆಡ್ ಹಾಬ್ಸ್ ಎಂಬ ಬೀಗತಜ್ಞ ಸವಾಲು ಸ್ವೀಕರಿಸಿದ. 16 ದಿನಗಳಲ್ಲಿ ಹಂಚಿಕೊಂಡ 51 ಗಂಟೆಗಳ ಶ್ರಮದ ನಂತರ ಬೀಗ ತೆರೆಯಿತು, 200 ಗಿನಿ ಆತನ ಕೈಸೇರಿತು. ಅದೇ ಪ್ರದರ್ಶನದಲ್ಲಿ ಬ್ರಿಟಾನಿಯಾ ಸೇತುವೆಯ ಕೊಳವೆಗಳನ್ನು ಎತ್ತಿದ್ದ ಒತ್ತುಯಂತ್ರವನ್ನೂ ನೋಡುಗರಿಗಾಗಿ ಇಡಲಾಗಿತ್ತು.